ಕೈ ತೊಳೆಯುವ ಸಿಂಕಿನಲ್ಲೇ ಇದ್ದ ಕ್ಲೆಬ್ಸಿಯೆಲ್ಲಾ

ನಾನು ಸೋಂಕು ನಿಯಂತ್ರಣ ನರ್ಸ್ ಆಗಿದ್ದ ಐಸಿಯುವಿನಲ್ಲಿ ಒಂದು ಮಳೆಗಾಲ, ಐದು ವಾರಗಳೊಳಗೆ ನಾಲ್ವರು ರೋಗಿಗಳ ಕಲ್ಚರ್ ವರದಿಯಲ್ಲಿ, ಅಂದರೆ ಮಾದರಿಯಿಂದ ರೋಗಾಣು ಬೆಳೆಸಿ ನೋಡುವ ಪರೀಕ್ಷೆಯಲ್ಲಿ, ಕ್ಲೆಬ್ಸಿಯೆಲ್ಲಾ ಎಂಬ ಬ್ಯಾಕ್ಟೀರಿಯಾ ಕಾಣಿಸಿಕೊಂಡಿತು. ನಾಲ್ಕರಲ್ಲೂ ಮೆರೊಪೆನೆಮ್ ಎಂಬ ಆಂಟಿಬಯಾಟಿಕ್ ಎದುರಿಗೆ ‘ಆರ್’ (ರೆಸಿಸ್ಟೆಂಟ್, ಅಂದರೆ ನಿರೋಧಕ) ಎಂದಿತ್ತು. ಗಂಭೀರ ಸೋಂಕುಗಳಲ್ಲಿ ನಾವು ನೆಚ್ಚಿಕೊಂಡಿದ್ದ ಆ ಔಷಧಿ ಇಲ್ಲಿ ಕೆಲಸಕ್ಕೆ ಬಾರದು. ಉಳಿದದ್ದು ಕೊಲಿಸ್ಟಿನ್, ಮೂತ್ರಪಿಂಡಕ್ಕೆ ಹಾನಿ ಮಾಡುತ್ತದೆಂದು ವೈದ್ಯರು ಎಂದೋ ಬದಿಗಿಟ್ಟಿದ್ದ ಔಷಧಿ. ಅಪಘಾತದಲ್ಲಿ ಪೆಟ್ಟಾಗಿ ಬಂದಿದ್ದ ಯುವಕನೊಬ್ಬನಿಗೆ ದಾಖಲಾದ ದಿನ ಈ ಸೋಂಕು ಇರಲಿಲ್ಲ, ನಮ್ಮಲ್ಲಿಯೇ ತಗುಲಿತು ಎಂಬುದು ನನ್ನನ್ನು ಬಹಳ ಕಾಡಿತು.

ಹಾಸಿಗೆ ಮತ್ತು ದಿನಾಂಕಗಳನ್ನು ಒಂದು ಹಾಳೆಯಲ್ಲಿ ಬರೆದುಕೊಂಡಾಗ, ನಾಲ್ವರಲ್ಲಿ ಇಬ್ಬರು ಒಂದೇ ಕಾಲದಲ್ಲಿ ಘಟಕದಲ್ಲಿ ಇರಲೇ ಇಲ್ಲವೆಂದು ತಿಳಿಯಿತು. ಆದರೆ ನಾಲ್ವರೂ ಮಲಗಿದ್ದದ್ದು ಮೂಲೆಯ ಸಿಂಕಿನ ಪಕ್ಕದ ಎರಡು ಹಾಸಿಗೆಗಳಲ್ಲಿ. ಎರಡು ರಾತ್ರಿ ಅಲ್ಲೇ ಕುಳಿತು ನೋಡಿದೆ. ಬಾಟಲಿಯಲ್ಲಿ ಉಳಿದ ಆಂಟಿಬಯಾಟಿಕ್, ಮೂಗಿನ ನಳಿಕೆಯಲ್ಲಿ ಕೊಟ್ಟು ಮಿಕ್ಕ ಆಹಾರ, ಕಫ ಹೀರುವ ಸಕ್ಷನ್ ನಳಿಕೆ ತೊಳೆದ ನೀರು ಎಲ್ಲವೂ ಕೈ ತೊಳೆಯುವ ಅದೇ ಸಿಂಕಿಗೆ ಹೋಗುತ್ತಿದ್ದವು. ಇಂಜೆಕ್ಷನ್ ಸಿದ್ಧಪಡಿಸುವ ಟ್ರೇ ಅದರ ಪಕ್ಕದಲ್ಲೇ ಇತ್ತು. ಸಿಂಕಿನ ಕೆಳಗಿನ ಬಾಗಿದ ಕೊಳವೆಯಲ್ಲಿ ಸದಾ ನೀರು ನಿಂತಿರುತ್ತದೆ, ಅದರ ಒಳಗೋಡೆಗೆ ಲೋಳೆಯಂತೆ ಅಂಟಿ ಬ್ಯಾಕ್ಟೀರಿಯಾ ಬೆಳೆಯುತ್ತವೆ. ನಾವು ಸುರಿದ ಆಹಾರದಿಂದ ಅವು ಕೊಬ್ಬುತ್ತವೆ, ಸುರಿದ ಔಷಧಿ ದುರ್ಬಲವಾದವನ್ನು ಕೊಂದು ನಿರೋಧಕ ಶಕ್ತಿಯುಳ್ಳವನ್ನು ಉಳಿಸುತ್ತದೆ. ಅಮೆರಿಕದ ವರ್ಜೀನಿಯಾ ವಿಶ್ವವಿದ್ಯಾಲಯದವರು 2017ರಲ್ಲಿ ತೋರಿಸಿದಂತೆ, ಈ ಲೋಳೆ ದಿನಕ್ಕೆ ಸುಮಾರು ಒಂದು ಅಂಗುಲದಂತೆ ಸಿಂಕಿನ ತಳದ ಜಾಲರಿಯ ಕಡೆಗೆ ಏರುತ್ತದೆ. ಅಲ್ಲಿಗೆ ಮುಟ್ಟಿದ ಮೇಲೆ ನಲ್ಲಿಯ ನೀರು ಬಿದ್ದಾಗ ಸುತ್ತಲೂ ಸಿಡಿಯುತ್ತದೆ.

ಜಾಲರಿಯ ಸ್ವಾಬಿನಲ್ಲಿ ಕ್ಲೆಬ್ಸಿಯೆಲ್ಲಾ ಬೆಳೆಯಿತು, ಔಷಧಿಗಳಿಗೆ ಅದು ತೋರಿದ ನಿರೋಧವೂ ರೋಗಿಗಳದ್ದರಂತೆಯೇ ಇತ್ತು. ವಂಶವಾಹಿ ಪರೀಕ್ಷೆಯಿಲ್ಲದೆ ಇದನ್ನು ಸಾಬೀತು ಎನ್ನಲಾಗದು, ಆದರೂ ಕಾಯುತ್ತ ಕೂರುವುದು ನನಗೆ ಸರಿಯೆನಿಸಲಿಲ್ಲ.

ಮೊದಲು ಸಿಂಕಿಗೆ ಹೈಪೋಕ್ಲೋರೈಟ್ ಎಂಬ ಬ್ಲೀಚ್ ದ್ರಾವಣ ಸುರಿದೆವು. ಮೂರು ವಾರಗಳಲ್ಲಿ ಸ್ವಾಬ್ ಮತ್ತೆ ಪಾಸಿಟಿವ್ ಬಂತು, ಏಕೆಂದರೆ ದ್ರಾವಣ ಲೋಳೆಯ ಮೇಲ್ಪದರವನ್ನಷ್ಟೇ ಮುಟ್ಟುತ್ತದೆ. ಬಳಿಕ ಕೊಳವೆಯನ್ನೇ ಬದಲಿಸಿ, ನೀರು ನೇರ ಜಾಲರಿಗೆ ಬೀಳದಂತೆ ನಲ್ಲಿಯನ್ನು ತಿರುಗಿಸಿ, ಔಷಧಿಯ ಟ್ರೇಯನ್ನು ಇನ್ನೊಂದು ಗೋಡೆಗೆ ಸರಿಸಿದೆವು. ಪ್ರತಿ ಹಾಸಿಗೆಯ ಕಾಲ್ದೆಸೆಯಲ್ಲಿ ಕೈಗೆ ಉಜ್ಜಿಕೊಳ್ಳುವ ಆಲ್ಕೋಹಾಲ್ ದ್ರಾವಣ ಇಟ್ಟೆವು. ಉಳಿದ ಔಷಧಿ, 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳು ಹೇಳುವಂತೆ, ಹಳದಿ ಚೀಲಕ್ಕೆ ಹೋಗತೊಡಗಿತು.

ಕಷ್ಟವಾದದ್ದು ಕೊಳಕು ನೀರಿನ ಪ್ರಶ್ನೆ. ಅದನ್ನು ಸುರಿಯಬೇಕಾದ ಕೋಣೆ ಕಾರಿಡಾರಿನ ಆಚೆ ತುದಿಯಲ್ಲಿತ್ತು. ರಾತ್ರಿಪಾಳಿಯ ಸಿಸ್ಟರ್ ಒಬ್ಬರು, “ಮೇಡಂ, ನಾನು ಅಲ್ಲಿಗೆ ಹೋಗಿ ಬರುವಷ್ಟರಲ್ಲಿ ವೆಂಟಿಲೇಟರ್ ಕೂಗಿದರೆ ಯಾರು ನೋಡುತ್ತಾರೆ?” ಎಂದು ಕೇಳಿದರು. ಮೂವರು ರೋಗಿಗಳನ್ನು ಒಬ್ಬರೇ ನೋಡಿಕೊಳ್ಳುತ್ತಿದ್ದ ಅವರ ಮಾತಿಗೆ ಉತ್ತರ ಕೊಡದೆ ಗೋಡೆಗೆ ಸೂಚನಾ ಫಲಕ ಅಂಟಿಸುವುದು ಅನ್ಯಾಯವಾಗುತ್ತಿತ್ತು. ಮುಚ್ಚಳವಿರುವ ಬಕೆಟ್ ಇಟ್ಟು, ಎರಡು ಗಂಟೆಗೊಮ್ಮೆ ಆಯಾ ಅದನ್ನು ಒಯ್ಯುವಂತೆ ಪಾಳಿಯನ್ನು ಬದಲಿಸಲು ಮೇಟ್ರನ್ ಒಪ್ಪಿದ ಮೇಲೆಯೇ ಸಿಂಕಿಗೆ ಸುರಿಯುವುದು ನಿಂತಿತು.

ಆಮೇಲೆ ಆ ಎರಡು ಹಾಸಿಗೆಗಳಲ್ಲಿ ಹೊಸ ಪ್ರಕರಣ ಬರಲಿಲ್ಲ. ಆದರೂ ಪ್ರತಿ ತಿಂಗಳು ಜಾಲರಿಯ ಸ್ವಾಬ್ ಕಳುಹಿಸುತ್ತಿದ್ದೆವು. ಆರನೆಯ ತಿಂಗಳಲ್ಲಿ ಅದು ಮತ್ತೆ ಪಾಸಿಟಿವ್ ಬಂದಾಗ ರೋಗಿಗಳಿಗೆ ತಗುಲುವ ಮೊದಲೇ ಪ್ಲಂಬರನನ್ನು ಕರೆಸಿದೆವು.