ಒಂದೇ ಶಿಲ್ಪ ಹಿಡಿಯಿರಿ: ಬಾದಾಮಿಯಲ್ಲಿ ಕಲೆ ಓದಲು ಕಲಿಯುವುದು

ಬಾದಾಮಿಯ ಮೇಣಬಸದಿಗೆ, ಅಂದರೆ ಬಂಡೆ ಕೊರೆದು ಮಾಡಿದ ಗುಹಾಲಯಗಳಿಗೆ, ಬರುವವರಲ್ಲಿ ಹೆಚ್ಚಿನವರು ನಾಲ್ಕೂ ಗುಹೆಗಳನ್ನು ಒಂದು ತಾಸಿನೊಳಗೆ ಮುಗಿಸಿ ಬನಶಂಕರಿಗೆ ರೊಟ್ಟಿ ಊಟಕ್ಕೆ ಓಡುತ್ತಾರೆ. ಅದರಲ್ಲಿ ತಪ್ಪೇನೂ ಇಲ್ಲ, ಆ ಊಟವೂ ಚೆನ್ನಾಗಿರುತ್ತದೆ. ಆದರೆ ನೀವು ಇತಿಹಾಸದ ಎಂ.ಎ. ಓದುತ್ತಿದ್ದರೆ, ಚಿತ್ರಕಲೆ ಕಲಿಯುತ್ತಿದ್ದರೆ, ಅಥವಾ ಸುಮ್ನೆ ಆಸಕ್ತಿ ಇದ್ದು ಒಂದು ಶಿಲ್ಪವನ್ನೋ ಚಿತ್ರವನ್ನೋ ವಿದ್ವಾಂಸರು ಹೇಗೆ ಓದುತ್ತಾರೆ ಅಂತ ತಿಳಿಯಬೇಕಿದ್ದರೆ, ನಾಲ್ಕು ಗುಹೆಯ ಆಸೆ ಬಿಡಿ. ಒಂದೇ ಶಿಲ್ಪ ಹಿಡಿಯಿರಿ. ಒಂದು ತಾಸು ಅದಕ್ಕೇ ಕೊಡಿ.

ಬೇಕಾದದ್ದು ಒಂದು ನೋಟ್‌ಬುಕ್, ಪೆನ್ಸಿಲ್, ನೀರು. ತಿನ್ನುವ ಸಾಮಾನು ಕೈಯಲ್ಲಿ ಹಿಡಿಯಬೇಡಿ, ಅಲ್ಲಿನ ಮಂಗಗಳು ನಿಮಗಿಂತ ಚುರುಕು. ನೋಟ್‌ಬುಕ್ಕಿನಲ್ಲಿ ಎದುರುಬದುರಿನ ಎರಡು ಪುಟ ತೆರೆದಿಡಿ. ಎಡಪುಟದಲ್ಲಿ ಕಣ್ಣಿಗೆ ಕಂಡದ್ದು ಮಾತ್ರ. ಬಲಪುಟದಲ್ಲಿ ಓದಿದ್ದು, ಕೇಳಿದ್ದು, ಗೈಡ್ ಹೇಳಿದ್ದು, ಬೋರ್ಡಿನಲ್ಲಿ ಇದ್ದದ್ದು. ಈ ಎರಡನ್ನು ಕಲಸದೆ ಇಡುವುದೇ ಅರ್ಧ ಕೆಲಸ. ಉಳಿದ ಸಿದ್ಧಾಂತಗಳನ್ನೆಲ್ಲ ಆಮೇಲೆ ಕಲಿಯಬಹುದು.

ಮೂರನೆಯ ಗುಹೆಗೆ ಹೋಗಿ. ವರಾಂಡದ ಒಂದು ತುದಿಯಲ್ಲಿ ಕಾಲು ಎತ್ತಿ ನಿಂತಿರುವ ದೊಡ್ಡ ಮೂರ್ತಿ ಇದೆ. ಯಾರು ಅಂತ ನಿಮಗೆ ಗೊತ್ತಿರಬಹುದು, ಆದರೂ ಹೆಸರು ಬರೆಯಬೇಡಿ. ಎಡಪುಟದಲ್ಲಿ ಹೀಗೆ ಶುರು ಮಾಡಿ: ಒಂದು ಕಾಲು ನೆಲದ ಮೇಲೆ ಗಟ್ಟಿಯಾಗಿ ಊರಿದೆ, ಇನ್ನೊಂದು ಅಡ್ಡಕ್ಕೆ ಚಾಚಿದೆ. ತಲೆಯ ಮೇಲೆ ಎತ್ತರದ ಕಿರೀಟ. ಕೈ ಎಷ್ಟು, ಎಣಿಸಿ. ಮುರಿದದ್ದು ಇದ್ದರೆ ಮುರಿದಿದೆ ಅಂತಲೇ ಬರೆಯಿರಿ, ಊಹೆ ಮಾಡಿ ತುಂಬಬೇಡಿ. ಎತ್ತಿದ ಪಾದದ ಹತ್ತಿರ ಒಂದು ದುಂಡು ಮುಖ ಕಾಣುತ್ತದೆ, ಕೆಳಗೆ ಚಿಕ್ಕ ಚಿಕ್ಕ ಜನ ಗುಂಪಾಗಿದ್ದಾರೆ. ಯಾವುದು ದೊಡ್ಡದು, ಯಾವುದು ಚಿಕ್ಕದು, ಕಲ್ಲಿನಿಂದ ಯಾವುದು ಜಾಸ್ತಿ ಹೊರಗೆ ಬಂದಿದೆ, ಕಣ್ಣು ಮೊದಲು ಎಲ್ಲಿಗೆ ಹೋಗುತ್ತದೆ, ಆಮೇಲೆ ಎಲ್ಲಿಗೆ? ಚಾಚಿದ ಕಾಲಿನ ಅಡ್ಡಗೆರೆ ಇಡೀ ಫಲಕವನ್ನು ಎರಡು ಪಾಲು ಮಾಡುತ್ತದೆ, ಅಲ್ವಾ? ಅದನ್ನು ಒಂದು ಗೆರೆಚಿತ್ರ ಬರೆದು ತೋರಿಸಿ. ಚಿತ್ರ ಕೆಟ್ಟದಾಗಿ ಬಂದರೂ ಪರವಾಗಿಲ್ಲ. ಫೋಟೋ ತೆಗೆದರೆ ಫೋನ್ ನೋಡುತ್ತದೆ, ಗೆರೆ ಎಳೆದರೆ ನೀವು ನೋಡುತ್ತೀರಿ.

ಇದನ್ನು ರೂಪ ವಿಶ್ಲೇಷಣೆ ಅನ್ನುತ್ತಾರೆ. ಬೋರ್ ಹೊಡೆಯುತ್ತದೆ, ನಿಜ. ಹತ್ತು ನಿಮಿಷ ಕಳೆದ ಮೇಲೆ ನೋಡಲು ಏನೂ ಉಳಿದಿಲ್ಲ ಅನ್ನಿಸುತ್ತದೆ. ಅಲ್ಲಿ ಎದ್ದು ಹೋಗಬೇಡಿ, ಕುಳಿತೇ ಇರಿ. ಆಮೇಲೆ ಕಾಣುವುದೇ ಬೇರೆ.

ಈಗ ಹೆಸರಿಗೆ ಬನ್ನಿ. ಕೈಯಲ್ಲಿರುವ ಆಯುಧಗಳು, ಕಿರೀಟ, ಎತ್ತಿದ ಕಾಲು, ಕೆಳಗಿನ ಜನ, ಇವನ್ನೆಲ್ಲ ಪುರಾಣದ ಕಥೆಗೆ ಹೊಂದಿಸಿ ನೋಡಿದರೆ ಇದು ತ್ರಿವಿಕ್ರಮ: ಬಲಿಯ ಹತ್ತಿರ ಮೂರು ಹೆಜ್ಜೆ ಜಾಗ ಕೇಳಿದ ವಾಮನ ಬೆಳೆದು ಲೋಕ ಅಳೆದ ಹೊತ್ತು. ಪಾದದ ಹತ್ತಿರದ ದುಂಡು ಮುಖವನ್ನು ರಾಹು ಅನ್ನುವವರಿದ್ದಾರೆ. ಅದು ಬಲಪುಟಕ್ಕೆ ಹೋಗಲಿ, ಎಡಪುಟದಲ್ಲಿ ಅದು ಇನ್ನೂ ಬರೀ 'ದುಂಡು ಮುಖ'. ಎರ್ವಿನ್ ಪನೋಫ್ಸ್ಕಿ ಎಂಬ ಜರ್ಮನ್ ವಿದ್ವಾಂಸ 1939ರಲ್ಲಿ ಇದನ್ನೇ ಮೂರು ಹಂತ ಮಾಡಿ ಹೇಳಿದರು. ಮೊದಲು ಕಣ್ಣಿಗೆ ಕಂಡದ್ದು, ಆಮೇಲೆ ಕಥೆ ಮತ್ತು ಲಕ್ಷಣಗಳಿಂದ ಗುರುತಿಸಿದ್ದು, ಕೊನೆಗೆ ಆ ಕಾಲ, ಆ ಸಮಾಜ ಇದನ್ನು ಯಾಕೆ ಮಾಡಿಸಿತು ಅನ್ನುವುದು. ಅವರು ಕೆಲಸ ಮಾಡಿದ್ದು ಮುಖ್ಯವಾಗಿ ಯುರೋಪಿನ ಚಿತ್ರಗಳ ಮೇಲೆ. ಹಾಗಾಗಿ ಹಂತಗಳನ್ನು ತೆಗೆದುಕೊಳ್ಳಿ, ಆದರೆ ಪ್ರತಿ ಮೂರ್ತಿಯ ಹಿಂದೆ ಒಂದು ಗ್ರಂಥ ಇದ್ದೇ ಇರುತ್ತದೆ ಅನ್ನುವ ನಂಬಿಕೆ ಬೇಡ. ನಮ್ಮಲ್ಲಿ ಮೂರ್ತಿ ಗುರುತಿಸಲು ಬಳಸುವ ಶಿಲ್ಪಶಾಸ್ತ್ರದ ಎಷ್ಟೋ ಪುಸ್ತಕಗಳು ಬಾದಾಮಿಯ ಗುಹೆಗಳಿಗಿಂತ ಈಚಿನವು. ಮುಂದೆ ಬರೆದ ನಿಯಮ ಹಿಡಿದು ಹಿಂದೆ ಕಡೆದ ಮೂರ್ತಿಗೆ ಮಾರ್ಕ್ಸ್ ಕೊಡುವುದು ನ್ಯಾಯವಲ್ಲ.

ಮೂರನೆಯ ಹಂತಕ್ಕೆ ಈ ಗುಹೆಯಷ್ಟು ಒಳ್ಳೆಯ ಜಾಗ ಸಿಗುವುದು ಕಷ್ಟ, ಯಾಕಂದರೆ ಇಲ್ಲಿ ತೇದಿ ಇದೆ. ವರಾಂಡದ ಅರೆಗಂಬದ ಮೇಲಿನ ಸಂಸ್ಕೃತ ಶಾಸನ ಶಕ 500, ಅಂದರೆ ಕ್ರಿ.ಶ. 578ರದು. ಚಾಳುಕ್ಯ ಅರಸ ಕೀರ್ತಿವರ್ಮ ಆಳುತ್ತಿದ್ದಾಗ ಅವನ ತಮ್ಮ ಮಂಗಳೇಶ ಈ ವಿಷ್ಣುಗೃಹ ಮಾಡಿಸಿ, ಅದರ ಪುಣ್ಯವನ್ನು ಅಣ್ಣನಿಗೆ ಅರ್ಪಿಸಿದ ಅಂತ ಅದು ಹೇಳುತ್ತದೆ. ಲೋಕ ಅಳೆಯುವ ದೇವರು, ಹೊಸದಾಗಿ ಬೆಳೆಯುತ್ತಿರುವ ಅರಸುಮನೆ, ಎರಡನ್ನೂ ಪಕ್ಕ ಇಟ್ಟು ನೋಡಿದರೆ ಅರ್ಥ ಹೊಳೆಯುತ್ತದೆ. ಆದರೆ 'ಮಂಗಳೇಶ ತನ್ನನ್ನೇ ತ್ರಿವಿಕ್ರಮ ಅಂದುಕೊಂಡಿದ್ದ' ಅಂತ ಬರೆದುಬಿಡಬೇಡಿ. ಶಾಸನ ಹಾಗೆ ಹೇಳುವುದಿಲ್ಲ. 'ಹೀಗೆ ಓದಬಹುದು' ಅಂತ ಬರೆದು, ಯಾಕೆ ಅನ್ನುವುದನ್ನು ಕೆಳಗೆ ಸೇರಿಸಿ.

ಅಲ್ಲೇ ಮಂಗಳೇಶನ ಇನ್ನೊಂದು ಶಾಸನ ಕನ್ನಡದಲ್ಲಿದೆ. ಈ ಕಲ್ಮನೆಗೆ ಲಂಜಿಗೇಸರ ಎಂಬ ಊರು ಕೊಟ್ಟದ್ದೂ, ಹೂಮಾಲೆ ಕಟ್ಟುವವರಿಗೆ ಅದರಲ್ಲಿ ಪಾಲು ಬಿಟ್ಟದ್ದೂ ಅದರಲ್ಲಿದೆ. ನನಗೆ ಇದು ಅರಸರ ಹೊಗಳಿಕೆಗಿಂತ ಹೆಚ್ಚು ಇಷ್ಟ. ಅಂದರೆ ಇಲ್ಲಿಗೆ ಹೂವು ಬರುತ್ತಿತ್ತು, ಅದನ್ನು ಕಟ್ಟುವವರಿಗೆ ಹೊಟ್ಟೆಪಾಡು ಇತ್ತು. ನಾವು ಇವತ್ತು ಬರೀ ಕಲ್ಲಾಗಿ ನೋಡುವುದನ್ನು ಆಗಿನವರು ಹೂವಿನ ಜೊತೆ ನೋಡುತ್ತಿದ್ದರು. ಛಾವಣಿ ನೋಡಿ, ಅಲ್ಲಲ್ಲಿ ಬಣ್ಣದ ಚಿತ್ರದ ಅವಶೇಷ ಇನ್ನೂ ಇದೆ. ಅದಕ್ಕೆ ಫ್ಲ್ಯಾಶ್ ಹೊಡೆಯಬೇಡಿ. ಕಲಾಕೃತಿಯನ್ನು ಮೊದಲು ನೋಡಿದವರ ಕಣ್ಣಿನಿಂದ ನೋಡಲು ಯತ್ನಿಸುವುದು ಕೂಡ ಒಂದು ಪದ್ಧತಿಯೇ, ಅದಕ್ಕೆ ಇಂಥ ಚೂರುಪಾರು ಸಾಕ್ಷಿಗಳೇ ಆಧಾರ.

ಈಗ ಮೆಟ್ಟಿಲು ಇಳಿದು ಎರಡನೆಯ ಗುಹೆಗೆ ಬನ್ನಿ. ಅಲ್ಲಿಯೂ ಒಬ್ಬ ತ್ರಿವಿಕ್ರಮ ಇದ್ದಾನೆ. ಕಥೆ ಒಂದೇ, ಕಾಲು ಎತ್ತಿದ್ದೂ ಒಂದೇ. ಹಾಗಾದರೆ ಬೇರೆ ಯಾವುದು? ಗುಹೆಯೇ ಚಿಕ್ಕದು. ಮೈಯ ಅಳತೆ, ಕಿರೀಟದ ಎತ್ತರ, ಕೆಳಗಿನ ಜನರ ಗುಂಪು, ಆಭರಣದ ಕೆತ್ತನೆ ಎಷ್ಟು ಸೂಕ್ಷ್ಮ, ಒಂದೊಂದಾಗಿ ಹೋಲಿಸಿ. ಹೈನ್ರಿಖ್ ವೋಲ್ಫ್ಲಿನ್ ಎಂಬ ಸ್ವಿಸ್ ವಿದ್ವಾಂಸರು ಎರಡು ಚಿತ್ರಗಳನ್ನು ಅಕ್ಕಪಕ್ಕ ಇಟ್ಟು ಪಾಠ ಮಾಡುವುದನ್ನು ರೂಢಿಗೆ ತಂದರು. ನಿಮಗೆ ಆ ಪಾಠ ಇಲ್ಲಿ ಕಲ್ಲಿನಲ್ಲೇ ಸಿಗುತ್ತದೆ. ಒಂದು ಮತ್ತು ಎರಡನೆಯ ಗುಹೆಗಳಿಗೆ ತೇದಿಯ ಶಾಸನ ಇಲ್ಲ, ಅವುಗಳ ಕಾಲ ಹೇಳುವವರೆಲ್ಲ ಮೂರನೆಯದಕ್ಕೆ ಹೋಲಿಸಿಯೇ ಹೇಳುವುದು. ಅಂದರೆ 'ಆರನೆಯ ಶತಮಾನ' ಅಂತ ಬೋರ್ಡಿನಲ್ಲಿ ಕಂಡರೆ ಅದು ಕಲ್ಲಿನ ಮೇಲೆ ಬರೆದದ್ದೋ, ಹೋಲಿಸಿ ತೆಗೆದದ್ದೋ ಅಂತ ಕೇಳುವ ಚಟ ಬೆಳೆಸಿಕೊಳ್ಳಿ.

ಈ ಹೋಲಿಕೆ ಎಷ್ಟು ಕೈಕೊಡಬಹುದು ಅನ್ನುವುದಕ್ಕೆ ಐಹೊಳೆಯ ಲಾಡ್‌ಖಾನ್ ಗುಡಿ ಇದೆ. ಸರಳವಾಗಿದೆ, ಚಪ್ಪಟೆ ಮಾಡು, ಹಾಗಾಗಿ ಬಹಳ ಹಳೆಯದು ಅಂತ ಮೊದಲಿನ ವಿದ್ವಾಂಸರು ಐದನೆಯ ಶತಮಾನಕ್ಕೆ ಹಾಕಿದ್ದರು. ಈಚಿನವರು ಅದನ್ನು ಏಳು-ಎಂಟನೆಯ ಶತಮಾನಕ್ಕೆ ತಂದಿದ್ದಾರೆ. ಸರಳವಾದದ್ದೆಲ್ಲ ಹಳೆಯದು ಅನ್ನುವುದು ನಮ್ಮ ತಲೆಯೊಳಗಿನ ಲೆಕ್ಕ, ಕಲ್ಲಿನದಲ್ಲ.

ಗೈಡ್‌ಗಳ ಮಾತು ಬಲಪುಟಕ್ಕೆ ಅಂದೆನಲ್ಲ, ಅದು ಅವರನ್ನು ಕೀಳು ಮಾಡಲು ಅಲ್ಲ. ಮೊದಲ ಗುಹೆಯ ಹದಿನೆಂಟು ಕೈಯ ನಟರಾಜನ ಮುಂದೆ ನಿಂತು, ಈ ಕೈಗಳನ್ನು ಜೋಡಿಸಿದರೆ 81 ಭಂಗಿ ಬರುತ್ತವೆ ಅಂತ ಅವರು ಬೆರಳು ಅಡ್ಡ ಹಿಡಿದು ತೋರಿಸುತ್ತಾರೆ. ಬದಿಗೆ ಒಂಬತ್ತು ಕೈ, ಒಂಬತ್ತೊಂಬತ್ಲೆ ಎಂಬತ್ತೊಂದು, ಲೆಕ್ಕ ಸರಿ. ಆದರೆ ಶಿಲ್ಪಿ ಅದನ್ನೇ ಮನಸ್ಸಿನಲ್ಲಿ ಇಟ್ಟುಕೊಂಡಿದ್ದ ಅನ್ನಲು ಲೆಕ್ಕ ಸಾಲದು. ಇವತ್ತಿನ ಜನ ಈ ಮೂರ್ತಿಯನ್ನು ಹೇಗೆ ಸವಿಯುತ್ತಾರೆ ಅನ್ನುವುದಕ್ಕೆ ಮಾತ್ರ ಅದು ಒಳ್ಳೆಯ ಸಾಕ್ಷಿ, ಅದನ್ನೂ ಬರೆದಿಡಿ.

ಯಾರು ಮಾಡಿಸಿದರು, ಯಾರು ಮಾಡಿದರು ಅನ್ನುವ ಪ್ರಶ್ನೆಗೆ ಪಟ್ಟದಕಲ್ಲಿಗೆ ಹೋಗಬೇಕು. ವಿರೂಪಾಕ್ಷ ಗುಡಿಯನ್ನು ಮಾಡಿಸಿದ್ದು ಲೋಕಮಹಾದೇವಿ, ಗಂಡ ಎರಡನೆಯ ವಿಕ್ರಮಾದಿತ್ಯ ಕಂಚಿ ಗೆದ್ದ ನೆನಪಿಗೆ, ಎಂಟನೆಯ ಶತಮಾನದಲ್ಲಿ. ಕಟ್ಟಿದ ಅನಿವಾರಿತಾಚಾರಿಗೆ ಬಿರುದು ಕೊಟ್ಟದ್ದು ಶಾಸನದಲ್ಲೇ ಇದೆ. ರಾಣಿಯ ದುಡ್ಡು, ಆಚಾರಿಯ ಹೆಸರು, ಗೆದ್ದ ಊರಿನ ಕಡೆಯ ದಕ್ಷಿಣದ ಶೈಲಿ, ಮೂರನ್ನೂ ಎದುರಿಗೆ ಇಟ್ಟುಕೊಂಡು ಆ ಗುಡಿ ಸುತ್ತಿ. 'ಚಾಳುಕ್ಯರ ಕಲೆ' ಅನ್ನುವ ಒಂದು ಮಾತು ಎಷ್ಟು ಜನರನ್ನು ಮುಚ್ಚಿಬಿಡುತ್ತದೆ ಅಂತ ಗೊತ್ತಾಗುತ್ತದೆ.

ವಿದ್ವಾಂಸರೇ ಒಪ್ಪದ ಕಡೆ ಏನು ಮಾಡುವುದು? ಬಾದಾಮಿಯ ಮ್ಯೂಸಿಯಂನಲ್ಲಿ ಲಜ್ಜಾಗೌರಿ ಇದ್ದಾಳೆ. ಕಾಲು ಅಗಲಿಸಿದ ಹೆಣ್ಣಿನ ಮೈ, ತಲೆಯ ಜಾಗದಲ್ಲಿ ತಾವರೆ. ಫಲವಂತಿಕೆಯ ದೇವತೆ ಅನ್ನುವವರು ಇದ್ದಾರೆ, ಹೆರುವ ಭಂಗಿ ಅನ್ನುವವರು ಇದ್ದಾರೆ, ನಾಚಿಕೆಯನ್ನು ಅವಳ ಮೇಲೆ ಹೊರಿಸಿದ್ದು ನೋಡುವವರೇ ಅನ್ನುವ ಸ್ತ್ರೀವಾದಿ ಓದೂ ಸಾಧ್ಯ. ಒಂದನ್ನು ಆರಿಸಿ ಉಳಿದದ್ದನ್ನು ಬಿಡಬೇಡಿ. ಪ್ರತಿ ಓದಿನ ಮುಂದೆ ಒಂದು ಪ್ರಶ್ನೆ ಹಾಕಿ: ಎಡಪುಟದ ಯಾವ ಸಾಲು ಇದಕ್ಕೆ ಆಧಾರ? ಆಧಾರವಾಗಿ ಒಂದು ಸಾಲೂ ಸಿಗದ ಓದು ಎಷ್ಟೇ ಚಂದ ಇರಲಿ, ಪಕ್ಕಕ್ಕಿಡಿ.

ಚಿತ್ರಗಳಾದರೆ ಇನ್ನೊಂದು ತೊಂದರೆ. ವಿಜಯಪುರದ ಸುಲ್ತಾನ ಎರಡನೆಯ ಇಬ್ರಾಹಿಂ ಆದಿಲ್‌ಶಾಹನ (ಆಳಿದ್ದು 1580ರಿಂದ 1627) ಕಾಲದ ಒಳ್ಳೊಳ್ಳೆಯ ಚಿತ್ರಗಳು ಈಗ ಲಂಡನ್, ಡಬ್ಲಿನ್, ಪ್ರಾಗ್‌ನಲ್ಲಿವೆ. ನಾವು ನೋಡುವುದು ಫೋನಿನಲ್ಲಿ. ಅಲ್ಲಿ ಅಂಗೈಯಗಲದ ಚಿತ್ರವೂ ಗೋಡೆಯ ಚಿತ್ರವೂ ಒಂದೇ ಗಾತ್ರ. ಹಾಗಾಗಿ ಮೊದಲು ಅಳತೆ ಬರೆಯಿರಿ, ಬೇಕಾದರೆ ಅಷ್ಟೇ ಗಾತ್ರಕ್ಕೆ ಒಂದು ಕಾಗದ ಕತ್ತರಿಸಿ ಕೈಯಲ್ಲಿ ಹಿಡಿದು ನೋಡಿ. ಆ ಸುಲ್ತಾನ ಕೆಲವು ಚಿತ್ರಗಳಲ್ಲಿ ರುದ್ರಾಕ್ಷಿ ಹಾಕಿಕೊಂಡಿದ್ದಾನೆ, ಒಂದರಲ್ಲಿ ಕೈಯಲ್ಲಿ ತಾಳ ವಾದ್ಯ ಇದೆ. ಅವನೇ ಬರೆದ ಹಾಡುಗಳಲ್ಲಿ ಸರಸ್ವತಿಯ, ಗಣಪತಿಯ ಸ್ತುತಿ ಇದೆ. ಇಲ್ಲಿ ಚಿತ್ರವೂ ಬರಹವೂ ಒಬ್ಬನದೇ ಅರಮನೆಯಿಂದ, ಒಂದೇ ಕಾಲದಿಂದ ಬಂದವು, ಒಂದರ ಪಕ್ಕ ಇನ್ನೊಂದನ್ನು ಧೈರ್ಯವಾಗಿ ಇಡಬಹುದು.

ಬರೆಯುವಾಗ ಎಡಪುಟದಿಂದಲೇ ಶುರು ಮಾಡಿ, ಒಂದು ಪ್ಯಾರಾ ಪೂರ್ತಿ ವರ್ಣನೆ. ಆಮೇಲೆ ಗುರುತು, ತೇದಿ, ಮಾಡಿಸಿದವರು. 'ಅದ್ಭುತ', 'ಅಮೋಘ', 'ಮೂಕವಿಸ್ಮಿತ' ಇವನ್ನೆಲ್ಲ ಹೊಡೆದು ಹಾಕಿ. ಶಾಸನದ ಪಾಠ ಬೇಕಾದರೆ ಬಾಂಬೆ ಕರ್ನಾಟಕ ಶಾಸನಗಳ ಸಂಪುಟಗಳನ್ನು ಹುಡುಕಿ, ಧಾರವಾಡದ ಕನ್ನಡ ಸಂಶೋಧನಾ ಸಂಸ್ಥೆಯಂಥ ಕಡೆ ಹೋಗಿ ಕುಳಿತರೆ ಕೆಲಸ ಬೇಗ ಆಗುತ್ತದೆ. ಬರೆದ ಮೇಲೆ ಆ ಕಾಗದ ಹಿಡಿದುಕೊಂಡು ಮತ್ತೆ ಅದೇ ಶಿಲ್ಪದ ಮುಂದೆ ಹೋಗಿ, ಬೇರೆ ಹೊತ್ತಿನಲ್ಲಿ, ಬೆಳಿಗ್ಗೆ ಹೋಗಿದ್ದರೆ ಈ ಸಲ ಸಂಜೆ. ಬರೆದದ್ದರಲ್ಲಿ ಯಾವುದು ಅಲ್ಲಿ ಕಾಣುವುದಿಲ್ಲವೋ ಅದರ ಕೆಳಗೆ ಗೆರೆ ಎಳೆಯಿರಿ.