ದುಡಿಯೋಕೆ ಹೊರಡೋ ಅಕ್ಕಂದಿರ ಜೊತೆ ಮಾತಾಡೋದು ಹೇಗೆ

ಚಳ್ಳಕೆರೆ, ಮೊಳಕಾಲ್ಮುರು ಕಡೆ ಶೇಂಗಾ ಕೆಲಸ ಮುಗಿದರೆ ಗುಳೆ ಶುರು. ಕೆಲವರು ಕಾಫಿ ತೋಟಕ್ಕೆ, ಕೆಲವರು ಬೆಂಗಳೂರಿಗೆ. ನಮ್ಮ ಹಾಗೆ ಈ ಹೆಂಗಸರ ಪರ ಕೆಲಸ ಮಾಡುವವರು ಅವರು ಬಸ್ ಹತ್ತುವ ಮುಂಚೆಯೇ ಸಿಗಬೇಕು. ಮಧ್ಯಾಹ್ನ ಸಭೆ ಕರೆಯಬೇಡಿ, ಯಾರೂ ಬರಲ್ಲ. ರಾತ್ರಿ ಊಟ ಆದ ಮೇಲೆ ಕಟ್ಟೆಗೆ ಹೋಗಿ ಕೂರಿ.

ಮೊದಲು ಮುಂಗಡದ ಮಾತು. ಹಣ ತಗೊಳ್ಳೋದು ಗಂಡ, ತೀರಿಸೋದು ಇಬ್ಬರ ಮೈ. ಮುಂಗಡ ಎಷ್ಟು, ದಿನಗೂಲಿ ಎಷ್ಟು ಅಂತ ಮುಂಗಡ ಕೊಟ್ಟು ಕೂಲಿಗೆ ಕರೆದೊಯ್ಯೋ ಮೇಸ್ತ್ರಿ ಕೈಲೇ ಬರೆಸಿ, ಫೋನಲ್ಲಿ ಫೋಟೋ ತೆಗೆಸಿ. "ನಂಬಿಕೆ ಇಲ್ವಾ ಅಕ್ಕಾ?" ಅಂತಾನೆ. "ನಂಬಿಕೆ ಇದೆಯಪ್ಪಾ, ನೆನಪು ಇರಲ್ಲ" ಅನ್ನಲು ಹೇಳಿಕೊಡಿ. ಇಬ್ಬರ ಕೂಲಿ ಒಟ್ಟಿಗೆ ಗಂಡನಿಗೆ ಬೇಡ, ಅವಳ ಪಾಲು ಅವಳ ಖಾತೆಗೆ. ಇಲ್ಲೇ ಜಗಳ ಜಾಸ್ತಿ, ಗಂಡಂದಿರನ್ನೂ ಕೂರಿಸಿಕೊಳ್ಳಿ.

ಸಾಲ ತೀರೋವರೆಗೂ ಹೊರಗೆ ಬಿಡಲ್ಲ ಅಂದರೆ ಅದು ಜೀತ. 1976ರ ಕಾಯ್ದೆ ಅದನ್ನು ನಿಷೇಧಿಸಿದೆ. ಆ ಸಾಲ ತೀರಿಸಬೇಕಾಗಿಯೂ ಇಲ್ಲ. ತಹಶೀಲ್ದಾರರಿಗೆ ದೂರು ಕೊಡಬಹುದು.

ಅಸಲಿ ಆಧಾರ್ ಮೇಸ್ತ್ರಿಗೆ ಕೊಡೋದು ಬೇಡ, ಜೆರಾಕ್ಸ್ ಸಾಕು. ರೇಷನ್ ಕಾರ್ಡು, ಬಸುರಿಯಾದರೆ ತಾಯಿ ಕಾರ್ಡು ಜೊತೆಗಿರಲಿ. ಹೋದ ಊರಲ್ಲೂ ರೇಷನ್ ಸಿಗುತ್ತದೆ.

181 ಮಹಿಳಾ ಸಹಾಯವಾಣಿ. ಕಾನೂನು ಸೇವಾ ಪ್ರಾಧಿಕಾರದಲ್ಲಿ ಹೆಂಗಸರಿಗೆ ವಕೀಲರು ಉಚಿತ, ಆದಾಯ ಎಷ್ಟೇ ಇರಲಿ. ಓದಲು ಬಾರದವರ ಫೋನಲ್ಲಿ ನಂಬರನ್ನು ನೀವೇ ಸೇವ್ ಮಾಡಿ, ಅವರಿಂದ ಒಮ್ಮೆ ಒತ್ತಿಸಿ ನೋಡಿ.