ಸಸ್ಕಾಚೆವಾನ್ ಹಳ್ಳಿಯಲ್ಲಿ ಮೊದಲ ಚಳಿಗಾಲ: ಹೊಸದಾಗಿ ಬಂದವರಿಗೆ

ಕೆನಡಾದ ಸಸ್ಕಾಚೆವಾನ್‌ಗೆ ಕೆಲಸದ ಮೇಲೆ ಬರುವ ನಮ್ಮವರು ಮೊದಲು ಕೇಳುವುದೇ ಚಳಿಯ ವಿಷಯ. "ಮೈನಸ್ 40 ಆಗುತ್ತಂತೆ, ನಿಜಾನಾ?" ಜನವರಿಯಲ್ಲಿ ಗಾಳಿ ಬೀಸಿದರೆ ಮೈಗೆ ಅಷ್ಟು ತಾಗುವ ದಿನಗಳು ಖಂಡಿತ ಇವೆ. ಬಟ್ಟೆ ಸರಿ ಇದ್ದರೆ ಅದನ್ನು ತಡೆದುಕೊಳ್ಳಬಹುದು. ಹಳ್ಳಿ ಕಡೆ ಮನೆ ಮಾಡಿದವರಿಗೆ ನಾನು ಜಾಸ್ತಿ ಹೇಳುವುದು ದೂರದ ಬಗ್ಗೆ. ಪಕ್ಕದ ಮನೆ ಎರಡು ಕಿಲೋಮೀಟರ್ ಆಚೆ ಇರುತ್ತದೆ. ಏನಾದರೂ ಕೆಟ್ಟರೆ ಸಹಾಯ ಬರಲು ಹೊತ್ತಾಗುತ್ತದೆ. ಅಲ್ಲಿಯವರೆಗೆ ಇರಲು ಬೇಕಾದದ್ದು ನಿಮ್ಮ ಕೈಯಲ್ಲೇ ಇರಬೇಕು.

ಮೊದಲು ಕಾರು. ಇಲ್ಲಿನ ಕಾರುಗಳ ಮುಂಭಾಗದಲ್ಲಿ ಒಂದು ಕರೆಂಟ್ ವೈರು ನೇತಾಡುತ್ತಿರುವುದನ್ನು ನೋಡಿ ಆಶ್ಚರ್ಯ ಆಗಬಹುದು. ಅದು ಎಂಜಿನ್ ಬೆಚ್ಚಗಿಡುವ ಬ್ಲಾಕ್ ಹೀಟರ್‌ನದ್ದು. ಮೈನಸ್ 20ರ ಆಸುಪಾಸಿಗೆ ಇಳಿದರೆ ಹೊರಡುವ ಮೂರ್ನಾಲ್ಕು ಗಂಟೆ ಮುಂಚೆ ಪ್ಲಗ್ ಹಾಕಿ. ಟೈಮರ್ ಇದ್ದರೆ ರಾತ್ರಿ ನಿದ್ದೆಗೆಡಬೇಕಿಲ್ಲ. ಚಳಿಗಾಲದ ಟೈರು ಇಲ್ಲಿ ಕಡ್ಡಾಯವಲ್ಲ, ಆದರೂ ಅದಿಲ್ಲದೆ ಹಳ್ಳಿ ರಸ್ತೆಗೆ ಇಳಿಯಬೇಡಿ. ಪೆಟ್ರೋಲ್ ಅರ್ಧ ಟ್ಯಾಂಕಿಗಿಂತ ಕೆಳಗೆ ಹೋಗದಂತೆ ನೋಡಿಕೊಳ್ಳಿ. ಹೊರಡುವ ಮುಂಚೆ ಹೈವೇ ಹಾಟ್‌ಲೈನ್‌ನಲ್ಲಿ ರಸ್ತೆ ಹೇಗಿದೆ ಅಂತ ನೋಡಿ. "ಪ್ರಯಾಣ ಬೇಡ" ಅಂದಿದ್ದರೆ ಹೋಗಬೇಡಿ, ಕೆಲಸ ನಾಳೆ ಆಗುತ್ತದೆ.

ನನ್ನ ಮೊದಲ ಡಿಸೆಂಬರ್‌ನಲ್ಲಿ ಗಾಳಿಗೆ ಹಿಮ ಹಾರಿ ರಸ್ತೆಯೇ ಕಾಣದೆ ಕಾರು ಚರಂಡಿಗೆ ಜಾರಿತು. ದೂರದಲ್ಲಿ ಒಂದು ಮನೆಯ ದೀಪ ಕಾಣುತ್ತಿತ್ತು. ಇಷ್ಟೇ ಅಲ್ವಾ ಅಂತ ಇಳಿದು ನಡೆಯತೊಡಗಿದೆ. ಇಲ್ಲಿ ನೆಲ ಚಪ್ಪಟೆ, ಐದಾರು ಕಿಲೋಮೀಟರ್ ಆಚೆಯ ದೀಪವೂ ಪಕ್ಕದಲ್ಲೇ ಇದ್ದಂತೆ ಕಾಣುತ್ತದೆ. ಪುಣ್ಯಕ್ಕೆ ಅದೇ ದಾರಿಯಲ್ಲಿ ಬಂದ ಒಬ್ಬ ರೈತರು ನನ್ನನ್ನು ಹತ್ತಿಸಿಕೊಂಡರು. ದಾರಿಯುದ್ದಕ್ಕೂ ಬೈದರು. ಅವರು ಬೈದದ್ದನ್ನೇ ನಿಮಗೆ ಹೇಳುತ್ತೇನೆ: ಕಾರು ಬಿಟ್ಟು ಇಳಿದು ನಡೆಯಬೇಡಿ. ಗಾಳಿ ಸೇರಿದ ಚಳಿ ಮೈನಸ್ 40 ದಾಟಿದರೆ ಮುಚ್ಚದ ಚರ್ಮ 5ರಿಂದ 10 ನಿಮಿಷದಲ್ಲೇ ಹೆಪ್ಪುಗಟ್ಟಬಹುದು. ಒಳಗೇ ಕೂತಿರಿ. ಗಂಟೆಗೆ ಹತ್ತು ನಿಮಿಷ ಎಂಜಿನ್ ಹಾಕಿ. ಆದರೆ ಅದಕ್ಕೂ ಮುಂಚೆ ಹೊಗೆ ಕೊಳವೆಗೆ ಮುಚ್ಚಿದ ಹಿಮವನ್ನು ಕೆರೆದು ತೆಗೆಯಲೇಬೇಕು, ಇಲ್ಲದಿದ್ದರೆ ವಿಷಗಾಳಿ ಒಳಗೆ ಬರುತ್ತದೆ. ಕಿಟಕಿ ಒಂಚೂರು ತೆರೆದಿರಲಿ. ಕಂಬಳಿ, ಸಲಿಕೆ, ಟಾರ್ಚು, ತಿನ್ನಲು ಏನಾದರೂ, ಇಷ್ಟು ನವೆಂಬರ್‌ನಿಂದ ಏಪ್ರಿಲ್‌ವರೆಗೆ ಕಾರಿನಲ್ಲೇ ಇರಲಿ.

ತುರ್ತು ಸಹಾಯದ ನಂಬರ್ 911ಕ್ಕೆ ಫೋನ್ ಮಾಡಿದಾಗ ವಿಳಾಸ ಕೇಳುತ್ತಾರೆ. ಹಳ್ಳಿ ಮನೆಗಳಿಗೆ ಬೀದಿ ಹೆಸರು ಇಲ್ಲದಿರಬಹುದು, ಜಮೀನಿನ ಸರ್ವೆ ಸಂಖ್ಯೆಯೇ ಗುರುತು. ಅದಕ್ಕೆ ಲ್ಯಾಂಡ್ ಲೊಕೇಶನ್ ಅನ್ನುತ್ತಾರೆ. ಮನೆ ಮಾಲೀಕರಿಂದ ಕೇಳಿ ಬರೆದು ಫ್ರಿಜ್ ಮೇಲೆ ಅಂಟಿಸಿ. ಮಕ್ಕಳಿಗೂ ಓದಲು ಕಲಿಸಿ.

ಮನೆಯೊಳಗೆ ಕರೆಂಟೇ ಎಲ್ಲ. ಮನೆ ಬೆಚ್ಚಗಿಡುವ ಫರ್ನೇಸ್ ಗ್ಯಾಸಿನದ್ದಾದರೂ ಬಿಸಿಗಾಳಿ ತಳ್ಳುವ ಫ್ಯಾನಿಗೆ ಕರೆಂಟ್ ಬೇಕು. ಬಾವಿಯ ಪಂಪಿಗೂ ಬೇಕು. ಹಾಗಾಗಿ ಕರೆಂಟ್ ಹೋದರೆ ಬಿಸಿಯೂ ಇಲ್ಲ, ನೀರೂ ಇಲ್ಲ. ಕೆಲವು ಕ್ಯಾನ್ ನೀರು ತುಂಬಿಸಿಡಿ. ಹೊರಗೋಡೆಗೆ ತಾಗಿದ ಸಿಂಕಿನ ಕೆಳಗಿನ ಬಾಗಿಲುಗಳನ್ನು ಜೋರು ಚಳಿಯ ರಾತ್ರಿ ತೆರೆದಿಡಿ, ಮನೆಯ ಬಿಸಿ ತಾಗಿ ಪೈಪು ಹೆಪ್ಪುಗಟ್ಟುವ ಸಾಧ್ಯತೆ ಕಡಿಮೆಯಾಗುತ್ತದೆ. ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಗಾಳಿ ಸೇರಿದರೆ ಎಚ್ಚರಿಸುವ ಅಲಾರಂ ಇಲ್ಲದ ಮನೆಯಲ್ಲಿ ಒಂದು ರಾತ್ರಿಯೂ ಮಲಗಬೇಡಿ. ಇನ್ನು ನಮ್ಮ ಅಡುಗೆ. ಸಾರು, ಇಡ್ಲಿ ಅಂತ ಹಬೆ ಜಾಸ್ತಿ. ಅದು ಕಿಟಕಿಗೆ ಕೂತು ಮಂಜುಗಡ್ಡೆಯಾಗುತ್ತದೆ, ಆಮೇಲೆ ಕರಗಿ ಚೌಕಟ್ಟು ಕೊಳೆಯುತ್ತದೆ. ಒಲೆ ಹಚ್ಚಿದಾಗಲೆಲ್ಲ ಅದರ ಮೇಲಿನ, ಹಬೆ ಹೊರಗೆ ತಳ್ಳುವ ಫ್ಯಾನ್ ಹಾಕಿ.

ಬಟ್ಟೆಯ ವಿಷಯ ಇಷ್ಟೇ: ಮೈಗೆ ತಾಗುವ ಪದರ ಹತ್ತಿ ಬೇಡ, ಬೆವರು ಹೀರಿ ತಣ್ಣಗಾಗುತ್ತದೆ. ಉಣ್ಣೆ ಒಳ್ಳೆಯದು. ಬೂಟು ಒಂದು ಸೈಜು ದೊಡ್ಡದಿರಲಿ.

ಡಿಸೆಂಬರ್‌ನಲ್ಲಿ ಬೆಳಕು ಸುಮಾರು ಎಂಟು ಗಂಟೆ ಮಾತ್ರ. ಮನೆಯಲ್ಲೇ ಇರುವ ಅಮ್ಮಂದಿರಿಗೆ, ಹೆಂಡತಿಯರಿಗೆ ಇದು ತುಂಬ ಭಾರವಾಗುತ್ತದೆ. ಮಂಕಾಗಿದ್ದರೆ ಸುಮ್ನೆ ಬಿಡಬೇಡಿ. ಮಧ್ಯಾಹ್ನ ಬಿಸಿಲಿದ್ದಾಗ ಕರೆದುಕೊಂಡು ಹೋಗಿ ಹತ್ತು ನಿಮಿಷ ನಡೆಸಿ. 811ಕ್ಕೆ ಫೋನ್ ಮಾಡಿದರೆ ನರ್ಸ್ ಮಾತಾಡುತ್ತಾರೆ, ದುಡ್ಡು ಕೊಡಬೇಕಿಲ್ಲ.

ಮತ್ತೊಂದು ಕೆಲಸ ಅಕ್ಟೋಬರ್‌ನಲ್ಲೇ ಮುಗಿಸಿ. ಒಂದು ಸಂಜೆ ಪಕ್ಕದ ಮನೆಯ ಬಾಗಿಲು ತಟ್ಟಿ ಪರಿಚಯ ಮಾಡಿಕೊಳ್ಳಿ, ನಂಬರ್ ಕೊಟ್ಟು ಬನ್ನಿ. ನನ್ನನ್ನು ಅವತ್ತು ಹತ್ತಿಸಿಕೊಂಡವರು ಎರಡು ಕಿಲೋಮೀಟರ್ ಆಚೆಯ ನಮ್ಮ ಪಕ್ಕದ ಮನೆಯವರೇ. ನಾಲ್ಕು ತಿಂಗಳಿಂದ ಅಲ್ಲೇ ಇದ್ದರೂ ಅವರ ಹೆಸರು ನನಗೆ ಗೊತ್ತಿರಲಿಲ್ಲ.